ಕುಶಲಾ ಮತ್ತು ಪಟಿಕದ ನೀರು

ಕುಶಲಾಳನ್ನು ನಾನು ಮೊದಲು ನೋಡಿದ್ದು ಅವಳು ಮದುವೆಯಾಗಿ ಕಾಪುವಿಗೆ ಬಂದ ಮೂರನೆಯ ದಿನ. ಹಿತ್ತಿಲ ಬಾವಿಕಟ್ಟೆಯ ಹತ್ತಿರ ಕುಳಿತು ಬಂಗುಡೆ ಶುದ್ಧ ಮಾಡುತ್ತಿದ್ದಳು. ಕೈಯ ಮದರಂಗಿ ಇನ್ನೂ ಮಾಸಿರಲಿಲ್ಲ. ಮದುಮಗಳ ಕೈಗೆ ಇಷ್ಟು ಬೇಗ ಮೀನು ಕೊಟ್ಟಿರಲ್ಲ ಪ್ರಫುಲ್ಲಕ್ಕ ಎಂದು ನಾನು ತಮಾಷೆ ಮಾಡಿದೆ. ಅವಳ ಅತ್ತೆ ಪ್ರಫುಲ್ಲ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಕೈ ಚುರುಕುಂಟೋ ಇಲ್ಲವೋ ಬೇಗ ಗೊತ್ತಾಗಲಿ ಬಾಯಮ್ಮ, ಎಂದರು. ಕುಶಲಾ ತಲೆ ಎತ್ತಿ ನಕ್ಕಳು. ಎದುರಿನ ಎರಡು ಹಲ್ಲು ಒಂದರ ಮೇಲೊಂದು ಏರಿದ್ದವು. ಆ ನಗು ನನಗೆ ಇವತ್ತಿಗೂ ನೆನಪುಂಟು, ಏಕೆಂದರೆ ಆಮೇಲೆ ಹೆಚ್ಚು ಸಲ ನೋಡಲು ಸಿಗಲಿಲ್ಲ.

ನಾನು ಎಸ್ತರ್, ಉದ್ಯಾವರದವಳು, ಊರವರ ಬಾಯಲ್ಲಿ ಬಾಯಮ್ಮ. ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಗಂಡ ಫೌಸ್ಟಿನ್ ತೀರಿದಾಗ ನನಗೆ ಮೂವತ್ತು ತುಂಬಿರಲಿಲ್ಲ. ಕೆಲವು ವರ್ಷ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದೆ. ಅದು ಮುಚ್ಚಿದ ಮೇಲೆ ಮನೆಮನೆಗೆ ಹೋಗಿ ಬಾಣಂತಿಯರಿಗೆ ಎಣ್ಣೆ ಹಚ್ಚಿ ಬಿಸಿನೀರು ಹಾಕುವ ಕೆಲಸ ಹಿಡಿದೆ. ಉದ್ಯಾವರದಿಂದ ಎಲ್ಲೂರಿನವರೆಗೆ ನಾನು ಕಾಲ ಮೇಲೆ ಮಲಗಿಸಿ ಮೀಯಿಸಿದ ಮಕ್ಕಳಿಗೆ ಈಗ ಮಕ್ಕಳಿದ್ದಾರೆ. ಕುಶಲಾಳ ಗಂಡ ಕರುಣಾಕರನನ್ನು ಮೀಯಿಸಿದವಳೂ ನಾನೇ.

ಆಸ್ಪತ್ರೆ ಮುಚ್ಚುವಾಗ ಅಲ್ಲಿಂದ ನಾನು ಒಂದು ಬಿಳಿ ಎನಾಮಲ್ ಡಬ್ಬಿ ತಂದಿದ್ದೆ. ಅದರ ತಳದಲ್ಲಿ ಒಂದು ತೂತು, ತೂತಿಗೆ ಕೆಂಪು ರಬ್ಬರಿನ ಕೊಳವೆ. ಎತ್ತರದಲ್ಲಿ ತೂಗುಹಾಕಿದರೆ ನೀರು ತಾನಾಗಿ ಇಳಿಯುತ್ತದೆ. ಕ್ಷೌರದವರು ಗಡ್ಡ ತೆಗೆದ ಮೇಲೆ ಕೆನ್ನೆಗೆ ಉಜ್ಜುತ್ತಾರಲ್ಲ ಪಟಿಕದ ಕಲ್ಲು, ಅದನ್ನು ಬಿಸಿನೀರಿನಲ್ಲಿ ಕರಗಿಸಿ ಆ ಡಬ್ಬಿಗೆ ಹಾಕಿ ಹೆರಿಗೆಯಾದ ಹೆಂಗಸರ ಒಳಗನ್ನು ತೊಳೆಯುತ್ತಿದ್ದೆ. ಒಳಗೆ ಬಿಗಿಯಾಗುತ್ತದೆ, ಶುದ್ಧವಾಗುತ್ತದೆ ಎಂದು ನಾನೂ ನಂಬಿದ್ದೆ, ಮಾಡಿಸಿಕೊಂಡವರೂ ನಂಬಿದ್ದರು. ಪ್ರಫುಲ್ಲಕ್ಕ ಎಲ್ಲರಿಗಿಂತ ಹೆಚ್ಚು ನಂಬಿದ್ದರು.

ಕರುಣಾಕರ ಬಹರೈನಿನಲ್ಲಿ ಎಸಿ ಕೆಲಸ ಮಾಡುತ್ತಿದ್ದ. ಮದುವೆಯಾಗಿ ಇಪ್ಪತ್ತೆರಡನೆಯ ದಿನ ವಿಮಾನ ಹತ್ತಿದ. ಆಮೇಲೆ ವರ್ಷಕ್ಕೊಮ್ಮೆ ನಲವತ್ತು ದಿನ ರಜೆಯಲ್ಲಿ ಬರುತ್ತಿದ್ದ. ಹಾಗಾಗಿ ಆ ಮನೆಯಲ್ಲಿ ಮಗುವಾಗಲು ವರ್ಷಕ್ಕೆ ನಲವತ್ತು ದಿನ ಮಾತ್ರ ಇತ್ತು, ಆ ನಲವತ್ತು ದಿನಕ್ಕೆ ಪ್ರಫುಲ್ಲಕ್ಕ ಮನೆಯನ್ನೂ ಸೊಸೆಯನ್ನೂ ಒಟ್ಟಿಗೆ ಸಜ್ಜು ಮಾಡುತ್ತಿದ್ದರು. ಹಾಸಿಗೆ ಬಿಸಿಲಿಗೆ ಹಾಕುವುದು, ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದು, ಸೊಸೆಗೆ ಪಟಿಕದ ನೀರು.

ಎರಡನೆಯ ರಜೆ ಮುಗಿದರೂ ಕುಶಲಾ ಬಸುರಿಯಾಗದಾಗ ಪ್ರಫುಲ್ಲಕ್ಕ ನನ್ನನ್ನು ಕರೆಸಿದರು. ಸೊಸೆಯ ಒಳಬಟ್ಟೆಯಲ್ಲಿ ಬಿಳಿ ಕಾಣುತ್ತದೆ, ಕೆಲವು ದಿನ ಮೊಟ್ಟೆಯ ಬಿಳಿಯ ಹಾಗೆ ನೂಲು ಬರುತ್ತದೆ, ಅದು ಗಂಡಸಿನದ್ದನ್ನು ಒಳಗೆ ನಿಲ್ಲಲು ಬಿಡುವುದಿಲ್ಲ, ತೊಳೆಯಬೇಕು ಎಂದರು. ಒಗೆಯಲು ಹಾಕಿದ ಬಟ್ಟೆಯನ್ನು ಅವರು ದಿನಾ ಬೆಳಕಿಗೆ ಹಿಡಿದು ನೋಡುತ್ತಿದ್ದರಂತೆ. ಹೆರದ ಹುಡುಗಿಗೆ ಇದು ಬೇಕಾ ಎಂದು ನಾನು ಕೇಳಿದ್ದು ಹೌದು. ಗಟ್ಟಿಯಾಗಿ ಕೇಳಲಿಲ್ಲ. ಡಬ್ಬಿ ಒಯ್ದುಕೊಟ್ಟೆ. ಹೇಗೆ ಮಲಗಬೇಕು, ಕೊಳವೆಯನ್ನು ಎಲ್ಲಿಯವರೆಗೆ ಇಡಬೇಕು ಎಂದು ಬಚ್ಚಲಿನಲ್ಲಿ ತೋರಿಸಿಕೊಟ್ಟೆ. ಕುಶಲಾ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದಳು. ನೀರು ಬಿಸಿ ಉಂಟಾ ಎಂದು ಕೇಳಿದೆ. ಇಲ್ಲ ಬಾಯಮ್ಮ ಎಂದಳು. ಇತ್ತು. ನನ್ನ ಬೆರಳಿಗೇ ಗೊತ್ತಾಗಿತ್ತು.

ಕರುಣಾಕರ ಬರುವ ಒಂದು ವಾರ ಮೊದಲಿನಿಂದ ಎರಡು ದಿನಕ್ಕೊಮ್ಮೆ, ಬಂದ ಮೇಲೆ ಪ್ರತಿ ಬೆಳಿಗ್ಗೆ ಎಂದು ಶುರುವಾಯಿತು. ಸ್ವಲ್ಪ ಕಾಲದಲ್ಲಿ ಅವಳ ಬಟ್ಟೆಯಲ್ಲಿ ಮೊದಲು ಇಲ್ಲದ ವಾಸನೆ ಬರತೊಡಗಿತು, ಹಳಸಿದ ಮೀನಿನ ಹಾಗೆ. ತೊಳೆದ ದಿನ ಇರುತ್ತಿರಲಿಲ್ಲ, ಮರುದಿನ ಹೆಚ್ಚಾಗುತ್ತಿತ್ತು. ಹೆಚ್ಚಾದ ಹಾಗೆ ಪ್ರಫುಲ್ಲಕ್ಕ ಹೆಚ್ಚು ತೊಳೆಸಿದರು. ಪಟಿಕ ಸಾಲದೆಂದು ಗಾಯ ತೊಳೆಯುವ ಕಂದು ಔಷಧಿಯನ್ನೂ ಸೇರಿಸಿದರು, ನೀರಿಗೆ ಬಿದ್ದ ಕೂಡಲೇ ಹಾಲಿನ ಹಾಗೆ ಬೆಳ್ಳಗಾಗುತ್ತದಲ್ಲ, ಅದು. ಊಟಕ್ಕೆ ಕುಳಿತಾಗ ಸೊಸೆ ಹತ್ತಿರ ಬಂದರೆ ಮೂಗಿಗೆ ಸೆರಗು ಹಿಡಿಯುತ್ತಿದ್ದರು. ಮಲ್ಪೆಯ ಬಂದರಿಗೆ ಮದುವೆ ಮಾಡಿಕೊಡಬೇಕಿತ್ತು ಇವಳನ್ನು, ಅಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂದು ನೆಂಟರ ಎದುರಿನಲ್ಲಿ ಹೇಳಿದರು. ನೆಂಟರು ನಕ್ಕರು. ಕುಶಲಾ ಸಾರಿನ ಪಾತ್ರೆ ಹಿಡಿದುಕೊಂಡು ನಿಂತಿದ್ದಳು, ಎಲ್ಲರಿಗೂ ಬಡಿಸಿ ಮುಗಿಸಿದಳು.

ನಾಗನಿಗೆ ಆಶ್ಲೇಷಾ ಬಲಿ ಆಯಿತು, ಕಡಿಯಾಳಿ ದೇವಿಗೆ ಹರಕೆ ಆಯಿತು. ಮದುವೆಯಾಗಿ ಐದು ವರ್ಷ ಕಳೆಯಿತು. ಪಕ್ಕದ ಮನೆಯ ಬಾಣಂತಿಗೆ ನಾನು ನೀರು ಹಾಕಲು ಹೋಗುತ್ತಿದ್ದ ಒಂದು ದಿನ ಮಗುವನ್ನು ಎತ್ತಿಕೊಂಡು ಅಂಗಳದಲ್ಲಿ ಬಿಸಿಲು ಕಾಯಿಸುತ್ತಿದ್ದೆ. ಕುಶಲಾ ಬೇಲಿಯ ಆಚೆಯಿಂದ ಕೈ ಒರೆಸಿಕೊಂಡು ಬಂದಳು, ನೋಡಲಿಕ್ಕೆ ಮಾತ್ರ. ಪ್ರಫುಲ್ಲಕ್ಕ ತಮ್ಮ ಜಗಲಿಯಿಂದ ನನಗೆ ಕಣ್ಣು ಮಾಡಿದರು. ನಾನು ಮಗುವಿನ ಮುಖದ ಮೇಲೆ ಬಟ್ಟೆ ಎಳೆದೆ. ಕುಶಲಾ ಅಲ್ಲಿಯೇ ನಿಂತಳು. ಬಿಸಿಲು ಜೋರುಂಟಲ್ಲ ಬಾಯಮ್ಮ, ಒಳ್ಳೆಯದು ಮಾಡಿದಿರಿ ಎಂದು ಹೇಳಿ ಹಿಂದೆ ಹೋದಳು.

ಆರನೆಯ ವರ್ಷ ಅವಳಿಗೆ ಹೊಟ್ಟೆಯ ಕೆಳಗೆ ನೋವು, ಜ್ವರ. ಕಾರ್ಕಳದಿಂದ ಅಣ್ಣ ಬಂದು ಗಲಾಟೆ ಮಾಡಿದ ಮೇಲೆ ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಪ್ರಫುಲ್ಲಕ್ಕ ಒಪ್ಪಿದರು. ಒಂದು ಷರತ್ತು: ಅವರೇ ಜೊತೆಗೆ ಹೋಗುವುದು. ಅವರ ಮೊಣಕಾಲು ನೋವಿಗೆ ಆಸರೆಯಾಗಿ ನಾನೂ ಹೋದೆ. ಮೂರು ಸಲ ಹೋಗಬೇಕಾಯಿತು. ಮೂರನೆಯ ಸಲ ವರದಿಗಳೆಲ್ಲ ಬಂದಿದ್ದವು.

ಡಾಕ್ಟರ್ ಚೈತಾಲಿ ಎಂದು ಹೆಸರು, ಚಿಕ್ಕ ಪ್ರಾಯದವರು. ಎಕ್ಸ್‌ರೇ ತೋರಿಸಿದರು. ಗರ್ಭಕೋಶದ ಎರಡೂ ಕಡೆ ನೂಲಿನಷ್ಟು ತೆಳ್ಳಗೆ ಇರಬೇಕಾದ ನಾಳಗಳು ಬೀಗಿಕೊಂಡು ಎಳೆ ಸೌತೆಕಾಯಿಯ ಹಾಗೆ ಕಾಣುತ್ತಿದ್ದವು. ತುದಿ ಮುಚ್ಚಿಹೋಗಿದೆ, ಒಳಗೆ ನೀರು ತುಂಬಿದೆ, ಇದರಲ್ಲಿ ಬೀಜ ಇಳಿದು ಬರಲು ದಾರಿಯಿಲ್ಲ ಎಂದರು. ಪ್ರಫುಲ್ಲಕ್ಕ, ಹುಟ್ಟಿನಿಂದಲೇ ಹೀಗಾ ಎಂದು ಕೇಳಿದರು. ಅಲ್ಲ, ಸೋಂಕಿನಿಂದ ಎಂದರು ಡಾಕ್ಟರಮ್ಮ.

ಆಮೇಲೆ ಅವರು ನಮಗೆ ತಿಳಿಯುವ ಹಾಗೆ ಹೇಳಿದ ಮಾತು ನನಗೆ ಬಾಯಿಪಾಠ ಬಂದ ಹಾಗೆ ನೆನಪುಂಟು. ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುತ್ತದೆ. ಆ ಹೆಪ್ಪಿನ ಜಾತಿಯ, ಕಣ್ಣಿಗೆ ಕಾಣದ ಜೀವಿಗಳು ಹೆಂಗಸಿನ ಒಳಗೆ ಇರುತ್ತವೆ. ಅವು ಅಲ್ಲಿ ಹುಳಿ ಮಾಡಿ ಇಡುತ್ತವೆ. ಹುಳಿ ಇದ್ದಷ್ಟು ದಿನ ಕೆಟ್ಟವು ಬೆಳೆಯುವುದಿಲ್ಲ. ಸ್ವಲ್ಪ ಬಿಳಿ ಹೋಗುವುದು, ತಿಂಗಳ ನಡುವೆ ನೂಲಿನ ಹಾಗೆ ಬರುವುದು ರೋಗವಲ್ಲ, ನೂಲು ಬರುವ ಆ ದಿನಗಳಲ್ಲೇ ಮಗು ನಿಲ್ಲುವುದು. ಹೆಪ್ಪಿನ ಪಾತ್ರೆಯನ್ನು ದಿನಾ ಔಷಧಿ ಹಾಕಿ ತೊಳೆದರೆ ನಾಳೆಯ ಮೊಸರಿಗೆ ಎಂತ ಉಳಿಯುತ್ತದೆ? ಒಳ್ಳೆಯವು ಸಾಯುತ್ತವೆ, ಜಾಗ ಖಾಲಿಯಾಗುತ್ತದೆ, ಕೆಟ್ಟವು ಬಂದು ಕೂರುತ್ತವೆ. ಆಗಲೇ ಮೀನಿನ ವಾಸನೆ. ವಾಸನೆಗೆ ಮತ್ತೆ ತೊಳೆದರೆ ನೀರಿನ ಒತ್ತಡಕ್ಕೆ ಅವು ಮೇಲಕ್ಕೂ ಹೋಗಬಹುದು.

"ಇವರ ಪರೀಕ್ಷೆಯಲ್ಲಿ ಒಳ್ಳೆಯವು ಇಲ್ಲವೆಂದೇ ಹೇಳಬೇಕು," ಎಂದರು ಡಾಕ್ಟರಮ್ಮ. "ಸೋಂಕು ಬೇರೆ ರೀತಿಯಲ್ಲೂ ಬರಬಹುದು, ಅದಕ್ಕೆ ಗಂಡನನ್ನೂ ಪರೀಕ್ಷೆ ಮಾಡಬೇಕು. ಆದರೆ ನನಗೆ ಒಂದು ಗೊತ್ತಾಗಬೇಕು. ಮನೆಯಲ್ಲಿ ಏನಾದರೂ ಹಾಕಿ ಒಳಗೆ ತೊಳೆಯುವ ಅಭ್ಯಾಸ ಇದೆಯಾ?"

ಕುಶಲಾ ಅತ್ತೆಯ ಮುಖ ನೋಡಿದಳು. ಪ್ರಫುಲ್ಲಕ್ಕ, ನಮ್ಮ ಮನೆಯಲ್ಲಿ ಅಂಥದ್ದೆಲ್ಲ ಇಲ್ಲ ಎಂದರು. ಆಗ ಕುಶಲಾ ನನ್ನ ಮುಖ ನೋಡಿದಳು. ಡಾಕ್ಟರಮ್ಮನೂ ನೋಡಿದರು. ನಾನು ಕೈಚೀಲದ ಜಿಪ್ಪು ಸರಿಮಾಡುತ್ತಿದ್ದೆ.

ಮಗುವಾಗಲು ಬೇರೆ ದಾರಿ ಉಂಟು ಎಂದೂ ಡಾಕ್ಟರಮ್ಮ ಹೇಳಿದ್ದರು. ಕೆಟ್ಟ ನಾಳಗಳನ್ನು ತೆಗೆದು, ಒಳಗಿನ ಸೋಂಕು ವಾಸಿಮಾಡಿ, ಗಂಡ ಹೆಂಡತಿಯ ಬೀಜವನ್ನು ಹೊರಗೆ ಕೂಡಿಸಿ ಗರ್ಭಕ್ಕೆ ಇಡಬಹುದು, ವಯಸ್ಸು ಇದೆ ಎಂದು. ಪ್ರಫುಲ್ಲಕ್ಕ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವರು ಎತ್ತಿಕೊಂಡು ಬಂದದ್ದು ಒಂದೇ ಶಬ್ದ, ಸೋಂಕು.

ಕಾಪುವಿಗೆ ಮುಟ್ಟುವ ಮೊದಲೇ, ಬಸ್ಸಿನಲ್ಲಿ, ಕುಶಲಾ ಮುಂದಿನ ಸೀಟಿನಲ್ಲಿ ಇರುವಾಗಲೇ, ಅವರು ನನ್ನ ಕಿವಿಯಲ್ಲಿ ಕೇಳಿದರು: "ಗಂಡ ಊರಿನಲ್ಲಿ ಇಲ್ಲದವಳಿಗೆ ಅಲ್ಲಿ ಸೋಂಕು ಎಲ್ಲಿಂದ ಬಂತು, ಬಾಯಮ್ಮ?"

ನಾನು ಅವರ ಮುಖ ನೋಡಿದೆ. ಎಲ್ಲಿಂದ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವರು, ಡಬ್ಬಿ ನಿಮ್ಮದು, ಕಲಿಸಿದ್ದು ನೀವು, ಊರಿಗೆ ಗೊತ್ತಾದರೆ ಯಾವ ಬಾಣಂತಿಯ ಮನೆಗೆ ನಿಮ್ಮನ್ನು ಹತ್ತಿಸುತ್ತಾರೆ ನೋಡುವ ಎಂದರು. ಆಮೇಲೆ ಸಿಟಿ ಬಸ್ಸಿನ ಸೆಖೆಯ ಬಗ್ಗೆ ಮಾತಾಡಿದರು.

ಫೋನಿನಲ್ಲಿ ಮಗನಿಗೆ ಹೇಳಿದ್ದೂ ಸೋಂಕಿನ ಆ ಮಾತನ್ನೇ. ಮುಂದಿನ ರಜೆಗೆ ಕರುಣಾಕರ ಬಂದ. ಪರೀಕ್ಷೆಗೆ ಹೋಗಲಿಲ್ಲ, ನನಗೆ ರೋಗವಿಲ್ಲ, ಇದ್ದವರು ಹೋಗಲಿ ಎಂದನಂತೆ. ಎಂಟನೆಯ ದಿನ ಕುಶಲಾಳ ಅಣ್ಣ, ಇಬ್ಬರು ಹಿರಿಯರು, ನೆರೆಮನೆಯವರು ಎಲ್ಲ ಜಗಲಿಯಲ್ಲಿ ಸೇರಿದರು. ಅಂಗಳದಲ್ಲಿ ನಿಂತು ಕುಶಲಾ ಮೊದಲ ಸಲ ಸ್ವರ ಎತ್ತಿ ಮಾತಾಡಿದಳು. ಇಷ್ಟು ವರ್ಷ ಅತ್ತೆ ತನ್ನನ್ನು ಹೇಗೆ ತೊಳೆಸಿದ್ದಾರೆ ಎಂದು ಹೇಳಿದಳು. ಗಂಡಸರು ನೆಲ ನೋಡಿದರು. ಪ್ರಫುಲ್ಲಕ್ಕ, ಕೇಳಿ, ಕೇಳಿ, ತನ್ನ ಕೊಳಕನ್ನು ನನ್ನ ತಲೆಗೆ ಹಾಕುವುದನ್ನು ಎಂದು ಅತ್ತರು.

"ಬಾಯಮ್ಮನನ್ನು ಕೇಳಿ," ಎಂದಳು ಕುಶಲಾ. "ಅವರಿಗೆ ಗೊತ್ತುಂಟು. ಅವರು ಸುಳ್ಳು ಹೇಳುವವರಲ್ಲ."

ನನ್ನನ್ನು ಕರೆಸಿಯೇ ಇದ್ದರು. ತುಳಸಿಕಟ್ಟೆಯ ಹತ್ತಿರ ನಿಂತಿದ್ದೆ. ನಾನು ಮೀಯಿಸಿ ಬೆಳೆಸಿದ ಹುಡುಗ ಕರುಣಾಕರ, ಹೇಳಿ ಬಾಯಮ್ಮ ಎಂದ. ಅವನ ಸ್ವರದಲ್ಲಿ ಅರ್ಧ ಆಸೆ ಇತ್ತು ಎಂದು ನನಗೆ ಈಗ ಅನಿಸುತ್ತದೆ. ನಾನು ಹೌದು ಎಂದಿದ್ದರೆ ಅವನು ನಂಬುತ್ತಿದ್ದ.

"ನಾನು ಬಾಣಂತಿಯರನ್ನು ನೋಡುವವಳು," ಎಂದೆ. "ಹೆರದವಳ ವಿಷಯ ನನಗೆ ಎಂತ ಗೊತ್ತು?"

ಅಷ್ಟೇ ಹೇಳಿದ್ದು. ಯಾರೋ ಒಬ್ಬರು ನಕ್ಕರು ಕೂಡ.

ಕುಶಲಾ ಅಳಲಿಲ್ಲ. ಒಳಗೆ ಹೋಗಿ ಒಂದು ಚೀಲ ತಂದಳು. ಅಣ್ಣ ರಿಕ್ಷಾಕ್ಕೆ ಹೋದ. ಅವಳು ಬಚ್ಚಲಿಗೆ ಹೋಗಿ ಆ ಬಿಳಿ ಡಬ್ಬಿಯನ್ನು, ಕೆಂಪು ಕೊಳವೆ ಸುತ್ತಿ, ತಂದು ನನ್ನ ಕಾಲಿನ ಹತ್ತಿರ ಇಟ್ಟಳು.

"ನಿಮ್ಮದು ಬಾಯಮ್ಮ. ಬಿಟ್ಟು ಹೋಗಬೇಡಿ."

ಜಗಲಿಯಲ್ಲಿ ಇದ್ದವರು ಅದನ್ನು ನೋಡಿದರು. ನೋಡಿದರೂ ಯಾರೂ ಕೇಳಲಿಲ್ಲ. ಕೇಳದೇ ಇರುವುದು ಅವರಿಗೆಲ್ಲ ಸುಲಭವಾಗಿತ್ತು. ನಾನು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಉದ್ಯಾವರಕ್ಕೆ ಬಂದೆ. ವಿಚ್ಛೇದನದ ಕಾಗದಪತ್ರ ಮುಗಿದು ಅವಳು ಆ ಮನೆಗೆ ಏನೂ ಅಲ್ಲವಾಗಲು ಒಂದೂವರೆ ವರ್ಷ ಹಿಡಿಯಿತು.

ಇಗರ್ಜಿಯಲ್ಲಿ ಪಾಪನಿವೇದನೆ ಮಾಡಿದೆ. ಯಾರಿಗೆ ಕೆಟ್ಟದ್ದು ಮಾಡಿದೆಯೋ ಅವರ ಹತ್ತಿರ ಹೋಗು ಎಂದರು ಪಾದ್ರಿಗಳು. ಪ್ರಾರ್ಥನೆ ಹೇಳಿದೆ, ಹೋಗಲಿಲ್ಲ. ಕರುಣಾಕರನಿಗೆ ಎಲ್ಲೂರಿನ ಕಡೆಯಿಂದ ಯಶ್ಮಿತಾ ಎಂಬ ಹುಡುಗಿಯನ್ನು ತಂದರು ಎಂದು ಕಳೆದ ವರ್ಷ ಗೊತ್ತಾದ ಮೇಲೆ ನನಗೆ ಊಟ ಸೇರಲಿಲ್ಲ. ಆಗ ಕಾರ್ಕಳದ ಬಸ್ಸು ಹತ್ತಿದೆ.

ಕುಶಲಾ ಅಲ್ಲಿ ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಒಡೆಯುವ ಕೆಲಸ ಮಾಡುತ್ತಾಳೆ. ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಿ ಗೇಟಿನ ಬಳಿ ನಿಂತೆ. ಬಂದಳು. ಸೊನೆ ತಾಗಿ ಎರಡೂ ಕೈ ಮಣಿಗಂಟಿನವರೆಗೆ ಕಪ್ಪಾಗಿ ಸಿಪ್ಪೆ ಸುಲಿಯುತ್ತಿತ್ತು. ಕೈ ತೊಳೆಯುವ ನಳ್ಳಿಯ ಮೇಲಿನ ಗೋಡೆಯಲ್ಲಿ ಹೆಂಗಸರ ಚಾದ ಲೋಟಗಳು ಸಾಲಾಗಿ ಮೊಳೆಗೆ ತೂಗುತ್ತಿದ್ದವು. ಒಂದು ಲೋಟ ಮಾತ್ರ ದೂರದ ಕಿಟಕಿಯ ಸರಳಿಗೆ ಕಟ್ಟಿತ್ತು. ಅವಳು ಅದನ್ನು ಬಿಚ್ಚಿ ನೀರು ಕುಡಿದಳು. ಕಾಪುವಿನಿಂದ ಮಾತು ಅವಳಿಗಿಂತ ಮೊದಲೇ ಕಾರ್ಕಳ ಮುಟ್ಟಿತ್ತು. ರೋಗದವಳು. ಅಣ್ಣನ ಹೆಂಡತಿ ಅವಳ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ಒಗೆಯಲು ಬಿಡುವುದಿಲ್ಲವಂತೆ.

ನಾನು ಹೇಳಬೇಕೆಂದಿದ್ದದ್ದನ್ನೆಲ್ಲ ಹೇಳಿದೆ. ಹೆದರಿದ್ದೆ ಎಂದೆ. ಅವಳು ಮರದ ನೆರಳಿನಲ್ಲಿ ಕುಳಿತು ಬೆರಳಿನ ಸುಲಿದ ಚರ್ಮ ಕೀಳುತ್ತಾ ಕೇಳಿದಳು.

"ಗೊತ್ತಿತ್ತು," ಎಂದಳು. "ಅತ್ತೆ ಹಾಗೆಯೇ ಎಂದು ನನಗೆ ಮದುವೆಯಾದ ವಾರವೇ ಗೊತ್ತಾಗಿತ್ತು. ನಾನು ಕಾದದ್ದು ನಿಮ್ಮ ಬಾಯಿಗೆ. ಮಣಿಪಾಲದಲ್ಲಿ ಕಾದೆ, ಅಂಗಳದಲ್ಲಿ ಕಾದೆ. ರಿಕ್ಷಾ ತಿರುವಿನಲ್ಲಿ ಹೋಗುವಾಗಲೂ ಹಿಂದೆ ನೋಡಿದೆ, ಓಡಿ ಬರುತ್ತೀರೋ ಅಂತ."

ಕ್ಷಮಿಸು ಮಗಳೇ ಎಂದೆ. ಮಗಳೇ ಎನ್ನಬೇಡಿ ಎಂದಳು, ಮೆಲ್ಲಗೆಯೇ. ನಾಳದ ಆಪರೇಷನ್ ಮಾಡಿಸಿಕೊಂಡೆಯಾ ಎಂದು ಕೇಳಿದೆ. ನೋವು ತಡೆಯದೆ ಎರಡೂ ತೆಗೆಸಿದೆ, ಇನ್ನು ಯಾರಿಗಾಗಿ ಇಟ್ಟುಕೊಳ್ಳುವುದು ಎಂದಳು. ಒಳಗೆ ಈಗ ವಾಸಿಯಾಗಿದೆ, ಡಾಕ್ಟರಮ್ಮ ಪರೀಕ್ಷೆ ಮಾಡಿ, ಒಳ್ಳೆಯವು ಎಲ್ಲ ಹಿಂದೆ ಬಂದಿವೆ ಎಂದರಂತೆ. ಅದನ್ನು ಹೇಳುವಾಗ ಅವಳು ನಕ್ಕಳು. ಏರಿದ ಹಲ್ಲು ಕಂಡಿತು.

"ಹೊಸಬಳಿಗೆ ಹೇಳಿದ್ದೀರಾ?" ಎಂದು ಕೇಳಿದಳು.

ಇಲ್ಲ ಎಂದೆ.

"ಹಾಗಾದರೆ ಇಲ್ಲಿಗೆ ಎಂತಕ್ಕೆ ಬಂದದ್ದು? ನನಗೆ ಕೇಳಿ ಎಂತ ಆಗಬೇಕು? ಆ ಜಗಲಿಗೆ ಹೋಗಿ ಹೇಳಿ. ನನ್ನ ಹೆಸರು ಹಿಡಿದು ಹೇಳಿ." ಸೈರನ್ ಆಯಿತು. ಅವಳು ಎದ್ದು ಹೋದಳು.

ಭಾನುವಾರ ಪೂಜೆ ಮುಗಿಸಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಕಾಪುವಿಗೆ ಹೋದೆ. ಪ್ರಫುಲ್ಲಕ್ಕ ಜಗಲಿಯಲ್ಲಿ ಕುರ್ಚಿಯಲ್ಲಿದ್ದರು. ಇಬ್ಬರು ನೆಂಟರಿದ್ದರು. ಯಶ್ಮಿತಾ ಚಾ ತಂದಿಟ್ಟಳು, ಇಪ್ಪತ್ತಮೂರು ಇಪ್ಪತ್ತನಾಲ್ಕರ ಹುಡುಗಿ. ನಾನು ಕುಳಿತುಕೊಳ್ಳಲಿಲ್ಲ. ಡಬ್ಬಿ ತೆಗೆದು ಅವರ ಮುಂದೆ ಇಟ್ಟು, ಕುಶಲಾಳನ್ನು ಇದರಿಂದ ಹಾಳು ಮಾಡಿದ್ದು ನಾನು ಮತ್ತು ಪ್ರಫುಲ್ಲಕ್ಕ, ಅವಳಲ್ಲಿ ಯಾವ ತಪ್ಪೂ ಇರಲಿಲ್ಲ, ಅವತ್ತು ನಾನು ಸುಳ್ಳು ಹೇಳಿದೆ ಎಂದೆ.

ಯಾರೂ ಏಳಲಿಲ್ಲ. ಪ್ರಫುಲ್ಲಕ್ಕ ಚಾ ಕುಡಿದು ಮುಗಿಸಿ ಲೋಟ ಕೆಳಗಿಟ್ಟರು.

"ಪಾಪ, ಎಸ್ತರ್ ಬಾಯಿಗೆ ಅರಳುಮರಳು," ಎಂದು ನೆಂಟರಿಗೆ ಹೇಳಿದರು. "ನಾನು ಆವಾಗಲೇ ಹೇಳಿದೆನಲ್ಲ, ಹಿಂದಿನವಳಿಗೆ ಈ ಮುದುಕಿಯೇ ಏನೇನೋ ನೀರು ಹಾಕಿ ಹಾಳು ಮಾಡಿದ್ದು. ಈಗ ಒಪ್ಪಿಕೊಂಡಳು ನೋಡಿ."

ಅವರು ಎರಡು ಕಥೆ ಇಟ್ಟುಕೊಂಡಿದ್ದರು ಎಂದು ನನಗೆ ಆಗ ಗೊತ್ತಾಯಿತು. ಕರುಣಾಕರನ ಎದುರಿಗೆ ಸೊಸೆ ಕೆಟ್ಟವಳು, ಹೊಸ ಸೊಸೆಯ ಎದುರಿಗೆ ನಾನು ಕೆಟ್ಟವಳು. ಯಶ್ಮಿತಾಳ ಕಡೆಗೆ ತಿರುಗಿ, ನೀನು ತೊಳೆಯಬೇಡ ಮಗಾ ಎಂದೆ. ಅವಳು ಹಿಂದೆ ಸರಿದಳು.

"ನಾವು ನಿಮ್ಮ ಹಾಗೆ ಕಲ್ಲು ಕರಗಿಸಿ ಹಾಕುವುದಿಲ್ಲ, ಬಾಯಮ್ಮ," ಎಂದಳು. "ಅತ್ತೆ ಮೆಡಿಕಲ್‌ನಿಂದ ತಂದುಕೊಟ್ಟಿದ್ದಾರೆ. ಗುಲಾಬಿ ಬಾಟಲಿ. ಒಳ್ಳೆ ಪರಿಮಳ ಉಂಟು."

ನೆಂಟರು ನಕ್ಕರು. ನಾನು ಮೆಟ್ಟಿಲಿಳಿದೆ. ಡಬ್ಬಿಯನ್ನು ಪ್ರಫುಲ್ಲಕ್ಕ ಕಾಲಿನಿಂದ ಅಂಗಳಕ್ಕೆ ತಳ್ಳಿದರು. ಗೇಟು ತೆಗೆಯುವಾಗ ಹಿಂದಿನಿಂದ ಯಶ್ಮಿತಾ ಬಂದಳು, ಡಬ್ಬಿ ಹಿಡಿದುಕೊಂಡು. ಇದನ್ನು ಒಯ್ಯಬೇಕಂತೆ ಎಂದು ಗಟ್ಟಿಯಾಗಿ ಹೇಳಿದಳು. ಆಮೇಲೆ, ತುಟಿ ಅಲ್ಲಾಡಿದ್ದೂ ಕಾಣದ ಹಾಗೆ ಕೇಳಿದಳು:

"ಬಾಯಮ್ಮ, ತೊಳೆದ ಮರುದಿನ ವಾಸನೆ ಜಾಸ್ತಿ ಆಗುವುದು ಉಂಟಾ?"

ಹೌದು ಎಂದೆ. ಕುಶಲಾಳಿಗೂ ಹಾಗೆಯೇ ಶುರುವಾದದ್ದು, ಮಣಿಪಾಲಕ್ಕೆ ಹೋಗು, ಒಬ್ಬಳೇ ಹೋಗು ಎಂದು ಹೇಳುವಷ್ಟರಲ್ಲಿ ಜಗಲಿಯಿಂದ ಕರೆ ಬಂತು. ಅವಳು ಬಂದೆ ಅತ್ತೆ ಎಂದು ಓಡಿದಳು.

ಅದೇ ಸಂಜೆ ಕುಶಲಾಳಿಗೆ ಫೋನ್ ಮಾಡಿದೆ. ಹಿಂದೆ ಅಣ್ಣನ ಮಕ್ಕಳು ಕೂಗಾಡುವುದು ಕೇಳುತ್ತಿತ್ತು.

"ನನ್ನ ಹೆಸರು ಹೇಳಿದಿರಾ?"

"ಹೇಳಿದೆ."

"ಎಂತ ಹೇಳಿದರು?"

"ಅರಳುಮರಳು ಎಂದರು. ನೆಂಟರು ನಕ್ಕರು. ಆ ಹುಡುಗಿಗೆ ವಾಸನೆ ಶುರುವಾಗಿದೆ, ಕುಶಲಾ. ಗೇಟಿನ ಹತ್ತಿರ ಬಂದು ಕೇಳಿದಳು."

ಬಾಗಿಲು ಹಾಕಿದ ಸದ್ದಾಯಿತು, ಮಕ್ಕಳ ಕೂಗು ದೂರವಾಯಿತು.

"ಹಾಗಾದರೆ ಮುಂದಿನ ಭಾನುವಾರ ಇನ್ನೊಮ್ಮೆ ಹೋಗಿ," ಎಂದಳು. "ನನ್ನ ಮಣಿಪಾಲದ ಫೈಲ್ ಉಂಟು, ಆ ಹುಡುಗಿಗೆ ತೋರಿಸಿ. ಬಂದು ತೆಗೆದುಕೊಂಡು ಹೋಗಿ. ಒಳಗೆ ಬರಬೇಡಿ, ಗೇಟಿನ ಹತ್ತಿರ ಕೊಡುತ್ತೇನೆ."